ಚೈನ್ ವ್ಯವಹಾರದ ಕೊನೆಯ ಗಿರಾಕಿ ಯಾರು?

ಮಲ್ಟಿ ಲೆವೆಲ್ ಮಾರ್ಕೆಟಿಂಗ್ ಅಥವಾ ಎಂಎಲ್ಎಂ ಎಂದರೆ ಅಂಗಡಿಯ ಗೊಡವೆಯಿಲ್ಲದೆ ಸದಸ್ಯರ ಕೈಯಿಂದಲೇ ಸರಕು ಮಾರಿಸುವ ಪದ್ಧತಿ. ಸದಸ್ಯರಿಗೆ ಹಣ ಎರಡು ದಾರಿಯಲ್ಲಿ ಬರುತ್ತದೆ. ತಾವೇ ಮಾರಿದ್ದರ ಲಾಭ ಒಂದು. ತಾವು ಸೇರಿಸಿದವರು, ಅವರು ಸೇರಿಸಿದವರು ನಡೆಸಿದ ವ್ಯಾಪಾರದ ಮೇಲಿನ ಕಮಿಷನ್ ಇನ್ನೊಂದು. ಪಿರಮಿಡ್ ಯೋಜನೆಯೂ ಹೊರಗಿನಿಂದ ಹೀಗೆಯೇ ಕಾಣುತ್ತದೆ. ಅಲ್ಲಿಯೂ ಅಪ್‌ಲೈನ್ (ಸೇರಿಸಿದ ಮೇಲಿನವರು), ಡೌನ್‌ಲೈನ್ (ಕೆಳಗೆ ಸೇರಿದವರು) ಇರುತ್ತವೆ. ಜಾಯ್ನಿಂಗ್ ಕಿಟ್, ಐಡಿ, ಸಿಲ್ವರ್, ಗೋಲ್ಡ್, ಡೈಮಂಡ್ ಎಂಬ ಮೆಟ್ಟಿಲುಗಳು, ಹೋಟೆಲ್ ಹಾಲ್‌ನಲ್ಲಿ ಮೀಟಿಂಗು, ಕಾರಿನ ಕೀಲಿ ಕೈಗಿಡುವ ಫೋಟೊ ಎಲ್ಲವೂ ಇರುತ್ತವೆ. ಭಾವನೋ ಚಿಕ್ಕಮ್ಮನ ಮಗಳೋ ಹೊಸ ಬಿಸಿನೆಸ್ ಹಿಡಿದು ಪ್ಲಾನ್ ತೋರಿಸಲು ಮನೆಗೆ ಬಂದಾಗ ಕಂಪನಿಯ ಹೆಸರಿನಿಂದಾಗಲೀ ಸರಕಿನ ಪ್ಯಾಕಿಂಗಿನಿಂದಾಗಲೀ ಇದು ಯಾವ ಬಗೆಯದೆಂದು ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಒಂದೇ: ಮೇಲಿನವರ ಕಮಿಷನ್‌ಗೆ ಹೋಗುತ್ತಿರುವ ಹಣ ಯಾರ ಜೇಬಿನದು? ಸರಪಳಿಯ ಹೊರಗಿದ್ದುಕೊಂಡು, ವಸ್ತು ಬೇಕೆನಿಸಿ, ಬೆಲೆ ಒಪ್ಪಿ ಕೊಂಡ ಗಿರಾಕಿಯದೋ? ನಾಳೆ ತನಗೂ ಕಮಿಷನ್ ಸಿಗುತ್ತದೆಂಬ ಆಸೆಯಿಂದ ಒಳಗೆ ಬಂದ ಹೊಸ ಸದಸ್ಯನದೋ?

ಹೊರಗಿನ ಗಿರಾಕಿಯ ಹಣವಾದರೆ ಅದು ವ್ಯಾಪಾರ. ದುಬಾರಿ ವ್ಯಾಪಾರ ಇರಬಹುದು, ಲಾಭವಿಲ್ಲದ ವ್ಯಾಪಾರವೂ ಇರಬಹುದು, ಆದರೂ ವ್ಯಾಪಾರವೇ. ಹೊಸ ಸದಸ್ಯನ ಹಣವಾದರೆ ಅಲ್ಲಿ ಗಳಿಕೆ ಎಂಬುದು ಹುಟ್ಟುವುದೇ ಇಲ್ಲ. ಕೆಳಗೆ ಬಂದವರ ದುಡ್ಡು ಮೇಲಿನವರಿಗೆ ಹಂಚಿಹೋಗುತ್ತದೆ. ಹಂಚುವ ಮೊದಲೇ ಕಂಪನಿ ತನ್ನ ಪಾಲು ತೆಗೆದುಕೊಂಡಿರುತ್ತದೆ. ಆದ್ದರಿಂದ ಸದಸ್ಯರೆಲ್ಲರ ಲಾಭನಷ್ಟ ಕೂಡಿಸಿದರೆ ಮೊತ್ತ ಯಾವಾಗಲೂ ನಷ್ಟವೇ. ಒಬ್ಬನಿಗೆ ಲಕ್ಷ ರೂಪಾಯಿ ಬಂದಿದ್ದರೆ ಹಲವರಿಂದ ಹೋದದ್ದು ಲಕ್ಷಕ್ಕಿಂತ ಹೆಚ್ಚೇ ಇರುತ್ತದೆ.

ಇದು ತೀರ ಬಿಚ್ಚಿ ಕಂಡದ್ದು ಸ್ಪೀಕ್ ಏಷ್ಯಾ ಪ್ರಕರಣದಲ್ಲಿ. ಸಿಂಗಪುರ ಮೂಲದ ಈ ಕಂಪನಿ 2010–11ರಲ್ಲಿ ಭಾರತದ ಊರೂರಿನಲ್ಲೂ ಹರಡಿತ್ತು. 11,000 ರೂಪಾಯಿ ಕಟ್ಟಿದರೆ ಒಂದು ವರ್ಷದ ಸದಸ್ಯತ್ವ. ವಾರಕ್ಕೆ ಎರಡು ಆನ್‌ಲೈನ್ ಸರ್ವೆ ತುಂಬಬೇಕು, ಒಂದೊಂದಕ್ಕೆ 500 ರೂಪಾಯಿ. ಹೊಸಬರನ್ನು ಸೇರಿಸಿದರೆ ಬೇರೆ ಬೋನಸ್. ವಾರಕ್ಕೆ 1,000 ಎಂದರೆ ವರ್ಷಕ್ಕೆ 52,000 ರೂಪಾಯಿ. ಮೊದಮೊದಲು ಸೇರಿದವರಿಗೆ ಹಣ ನಿಜವಾಗಿಯೂ ಬಂತು, ಆ ಸುದ್ದಿಯೇ ಉಳಿದವರನ್ನು ಎಳೆಯಿತು. ಆದರೆ ಸರ್ವೆಯ ಉತ್ತರಗಳನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಅಂಥ ಗಿರಾಕಿ ಇಲ್ಲವೆಂದಾದರೆ ಒಬ್ಬ ಸದಸ್ಯನ 52,000 ರೂಪಾಯಿಗೆ ಹೆಚ್ಚುಕಡಿಮೆ ಐದು ಹೊಸಬರ 11,000 ಬೇಕು, ಆ ಐದು ಜನರಿಗೆ ಇಪ್ಪತ್ತೈದು ಜನರದ್ದು ಬೇಕು. 2011ರಲ್ಲಿ ಸಂಶಯ ಬಲವಾಗಿ ಪಾವತಿ ನಿಂತಿತು, ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ತನಿಖೆಗೆ ಇಳಿಯಿತು. ಆ ಹೊತ್ತಿಗೆ ಲಕ್ಷಾಂತರ ಮನೆಗಳ ದುಡ್ಡು ಅದರಲ್ಲಿ ಸಿಕ್ಕಿಕೊಂಡಿತ್ತು. ಅವರಲ್ಲಿ ಹೆಚ್ಚಿನವರನ್ನು ಒಳಗೆ ಕರೆತಂದದ್ದು ಜಾಹೀರಾತಲ್ಲ, ಗುರುತಿನವರು. 'ನನಗೆ ಬಂದಿದೆ, ನೋಡು' ಎಂದು ಬ್ಯಾಂಕ್ ಪಾಸ್‌ಬುಕ್ ತೋರಿಸಿದವರು ಸುಳ್ಳು ಹೇಳಿರಲಿಲ್ಲ. ಪಾವತಿ ಬಂದಿದೆ ಎಂಬುದು ಯೋಜನೆ ಸಾಚಾ ಎನ್ನುವುದಕ್ಕೆ ಸಾಕ್ಷಿಯಲ್ಲ. ಪಿರಮಿಡ್ ನಿಲ್ಲುವ ದಿನದವರೆಗೂ ಪಾವತಿ ಮಾಡುತ್ತಲೇ ಇರುತ್ತದೆ.

ಗಣಿತ ಇಲ್ಲಿ ನಿರ್ದಯವಾದದ್ದು. ಪ್ರತಿಯೊಬ್ಬರೂ ಆರು ಜನರನ್ನು ಸೇರಿಸಬೇಕೆಂಬ ಪ್ಲಾನ್ ಇದೆ ಎಂದುಕೊಳ್ಳೋಣ. ಮೊದಲ ಹಂತದಲ್ಲಿ 6, ಎರಡನೆಯದರಲ್ಲಿ 36, ಐದನೆಯದರಲ್ಲಿ 7,776. ಇಲ್ಲಿಯವರೆಗೆ ಒಂದು ತಾಲ್ಲೂಕಿನೊಳಗೆ ಮುಗಿಯುವ ಮಾತು. ಹತ್ತನೆಯ ಹಂತಕ್ಕೆ ಬೇಕಾಗುವವರು 6 ಕೋಟಿ 4 ಲಕ್ಷ. 2011ರ ಜನಗಣತಿಯ ಪ್ರಕಾರ ಹಸುಗೂಸುಗಳೂ ಸೇರಿ ಕರ್ನಾಟಕದ ಒಟ್ಟು ಜನಸಂಖ್ಯೆ 6 ಕೋಟಿ 11 ಲಕ್ಷ. ಹನ್ನೆರಡನೆಯ ಹಂತಕ್ಕೆ ಇಡೀ ಭಾರತ ಸಾಲದು, ಹದಿಮೂರನೆಯದಕ್ಕೆ ಭೂಮಿಯ ಮೇಲಿನ ಜನ ಸಾಲದು.

ಈ ಲೆಕ್ಕ ಕೇಳಿದ ಸದಸ್ಯರು ಸಾಮಾನ್ಯವಾಗಿ ಕೊಡುವ ಉತ್ತರ, 'ಅಷ್ಟು ದೂರ ಹೋಗುವ ಮುಂಚೆ ನಾವು ಮೇಲಿರುತ್ತೇವೆ' ಎಂಬುದು. ಅದಕ್ಕೆ ಇನ್ನೊಂದು ಲೆಕ್ಕವಿದೆ, ಇದು ಹೆಚ್ಚು ಮುಖ್ಯವಾದದ್ದು. ಲೆಫ್ಟ್ ಮತ್ತು ರೈಟ್ ಎಂದು ಎರಡೇ ಕಾಲುಗಳಿರುವ ಬೈನರಿ ಪ್ಲಾನ್ ಹತ್ತು ಹಂತ ಪೂರ್ತಿ ತುಂಬಿದೆ ಎನ್ನೋಣ. ಒಟ್ಟು 1,023 ಜನ. ಅವರಲ್ಲಿ 512 ಜನ ಕಟ್ಟಕಡೆಯ ಸಾಲಿನಲ್ಲಿದ್ದಾರೆ, ಅವರ ಕೆಳಗೆ ಯಾರೂ ಇಲ್ಲ. ಅದರ ಮೇಲಿನ ಎರಡು ಸಾಲು ಸೇರಿಸಿದರೆ 896. ಅಂದರೆ ಡೌನ್‌ಲೈನ್ ಇಲ್ಲದವರು ಅಥವಾ ಹೆಸರಿಗಷ್ಟೇ ಇರುವವರು ನೂರಕ್ಕೆ ಎಂಬತ್ತೇಳು. ಇದು ಕುಸಿಯುವ ದಿನದ ಚಿತ್ರವಲ್ಲ. ಚೆನ್ನಾಗಿ ಬೆಳೆಯುತ್ತಿರುವಾಗಲೂ, ಯಾವ ದಿನ ಎಣಿಸಿದರೂ, ಹಂತ ಹತ್ತಿರಲಿ ಹದಿನೈದಿರಲಿ, ಅನುಪಾತ ಇಷ್ಟೇ. ಸೋತವರು ಶ್ರಮ ಹಾಕದ ಸೋಮಾರಿಗಳು ಎಂದು ವೇದಿಕೆಯಿಂದ ಹೇಳುವ ಮಾತು ಕ್ರೂರವಾಗುವುದು ಇಲ್ಲಿಯೇ. ಬಹುಪಾಲು ಜನ ಕೆಳಗೇ ಉಳಿಯುವುದು ಆ ರಚನೆಯ ಗುಣ, ಅವರ ಗುಣವಲ್ಲ.

ಸ್ಪೀಕ್ ಏಷ್ಯಾದಂತೆ ಬರಿಗೈಯಲ್ಲಿ ನಡೆಯುವ ಯೋಜನೆಗಳು ಈಗ ಕಡಿಮೆ. ತಿಂಗಳಿಗೆ ಶೇಕಡ 10ರಂತೆ 18 ತಿಂಗಳು ಬಿಟ್‌ಕಾಯಿನ್ ಕೊಡುವುದಾಗಿ ಹೇಳಿ, 2018ರ ಹೊತ್ತಿಗೆ ಪೊಲೀಸ್ ಪ್ರಕರಣವಾದ ಗೇನ್‌ಬಿಟ್‌ಕಾಯಿನ್ ತರಹದವು ಬಿಟ್ಟರೆ, ಉಳಿದವುಗಳ ಮುಂದೆ ಒಂದು ಸರಕು ಇದ್ದೇ ಇರುತ್ತದೆ: ಪ್ರೋಟೀನ್ ಪುಡಿ, ನೋನಿ ರಸ, ವಾಟರ್ ಫಿಲ್ಟರ್, ಅಯಸ್ಕಾಂತದ ಹಾಸಿಗೆ, ಆನ್‌ಲೈನ್ ಕೋರ್ಸು, ಪ್ರವಾಸದ ಪ್ಯಾಕೇಜು. ನೆಂಟರು ಮೊದಲು ಹೇಳುವುದೂ ಅದನ್ನೇ. 'ಇದು ಆ ಥರದ್ದಲ್ಲ, ನಮ್ಮಲ್ಲಿ ಪ್ರಾಡಕ್ಟ್ ಇದೆ.' ಆದರೆ ಸರಕು ಇದ್ದ ಮಾತ್ರಕ್ಕೆ ಮಾರಾಟ ಆಗುತ್ತಿದೆ ಎಂದಲ್ಲ. ಸದಸ್ಯನಾಗಿ ಉಳಿಯಲು, ಕಮಿಷನ್‌ಗೆ ಅರ್ಹನಾಗಲು ತಿಂಗಳಿಗೆ ಇಂತಿಷ್ಟು ಪಾಯಿಂಟ್‌ನ ಖರೀದಿ ಕಡ್ಡಾಯವಾಗಿದ್ದರೆ, ಆ ಖರೀದಿ ವಸ್ತುವಿಗಾಗಿ ನಡೆದದ್ದೋ ಅರ್ಹತೆಗಾಗಿ ನಡೆದದ್ದೋ ಎಂದು ಕೇಳಬೇಕು. ಮಂಚದ ಕೆಳಗೆ ಒಡೆಯದೆ ಇಟ್ಟ ಡಬ್ಬಗಳು ಆ ಪ್ರಶ್ನೆಗೆ ಉತ್ತರ ಹೇಳುತ್ತವೆ. ಪ್ರವೇಶ ಶುಲ್ಕವನ್ನು ಸರಕಿನ ಬೆಲೆಯೊಳಗೆ ಅಡಗಿಸುವುದು ಈ ವ್ಯವಹಾರದ ಅತಿ ಹಳೆಯ ಉಪಾಯ.

ಇದನ್ನು ಹಿಡಿಯುವ ಅಳತೆಗೋಲು ಅಮೆರಿಕದಲ್ಲಿ ಸಿದ್ಧವಾಗಿ ಈಗ ಅರ್ಧ ಶತಮಾನವಾಯಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಕಾಸ್ಕಾಟ್ ಎಂಬ ಸೌಂದರ್ಯವರ್ಧಕ ಕಂಪನಿಯ ಪ್ರಕರಣದಲ್ಲಿ ಪಿರಮಿಡ್ಡಿನ ಗುರುತನ್ನು ಹೀಗೆ ನಿಗದಿ ಮಾಡಿತು: ಸೇರುವವನು ಹಣ ಕೊಟ್ಟು ಎರಡು ಹಕ್ಕು ಪಡೆಯುತ್ತಾನೆ, ಒಂದು ಸರಕು ಮಾರುವ ಹಕ್ಕು, ಮತ್ತೊಂದು ಬೇರೆಯವರನ್ನು ಸೇರಿಸಿದ್ದಕ್ಕೆ ಪ್ರತಿಫಲ ಪಡೆಯುವ ಹಕ್ಕು, ಆ ಪ್ರತಿಫಲಕ್ಕೂ ಸರಕನ್ನು ನಿಜವಾಗಿ ಬಳಸುವ ಗಿರಾಕಿಗೆ ಆದ ಮಾರಾಟಕ್ಕೂ ಸಂಬಂಧವಿರುವುದಿಲ್ಲ. 1979ರಲ್ಲಿ ಅದೇ ಕಮಿಷನ್ ಆಮ್‌ವೇ ಕಂಪನಿಯನ್ನು ಪರೀಕ್ಷಿಸಿ, ಅದು ಪಿರಮಿಡ್ ಅಲ್ಲವೆಂದಿತು. ಕಾರಣ ಕಂಪನಿಯ ಮೂರು ಕಟ್ಟಳೆಗಳು. ಉಳಿದ ಸರಕನ್ನು ವಾಪಸ್ ಕೊಳ್ಳಬೇಕು, ಕೊಂಡ ಸರಕಿನಲ್ಲಿ ಶೇಕಡ 70ರಷ್ಟು ಮಾರಿದ ಮೇಲೆಯೇ ಮತ್ತೆ ಕಮಿಷನ್, ತಿಂಗಳಿಗೆ ಹತ್ತು ಹೊರಗಿನ ಗಿರಾಕಿಗಳಿಗೆ ಮಾರಿದ್ದಕ್ಕೆ ಪುರಾವೆ. ಆದರೆ ಗಳಿಕೆಯನ್ನು ಉಬ್ಬಿಸಿ ಹೇಳುವುದನ್ನು ನಿಲ್ಲಿಸಬೇಕೆಂದು ಅದೇ ಆದೇಶದಲ್ಲಿ ಕಂಪನಿಗೆ ತಾಕೀತೂ ಆಗಿತ್ತು. ಮುಂದೆ ಜಗತ್ತಿನ ಎಂಎಲ್ಎಂ ಕಂಪನಿಗಳೆಲ್ಲ ಈ ತೀರ್ಪನ್ನು ತಮಗೆ ಸಿಕ್ಕ ಪ್ರಮಾಣಪತ್ರದಂತೆ ತೋರಿಸತೊಡಗಿದವು. ಕಟ್ಟಳೆ ಕಾಗದದ ಮೇಲಿದ್ದರೆ ಸಾಲದು, ಪಾಲನೆಯಾಗಬೇಕು ಎಂಬ ಅರ್ಧವನ್ನು ಬಿಟ್ಟುಬಿಟ್ಟವು. 2016ರಲ್ಲಿ ಹರ್ಬಲೈಫ್ ಎಂಬ ಎಂಎಲ್ಎಂ ಕಂಪನಿ 20 ಕೋಟಿ ಡಾಲರ್ ಕೊಟ್ಟು ಅದೇ ಕಮಿಷನ್ ಜೊತೆ ರಾಜಿಯಾದಾಗ, ಸದಸ್ಯರಿಗೆ ಕೊಡುವ ಪ್ರತಿಫಲದಲ್ಲಿ ಕನಿಷ್ಠ ಮೂರನೇ ಎರಡು ಭಾಗ ದಾಖಲೆಯಿರುವ ಚಿಲ್ಲರೆ ಮಾರಾಟದಿಂದಲೇ ಬರಬೇಕೆಂಬ ಷರತ್ತು ಬಿತ್ತು. ನೆಂಟರ ಕಂಪನಿಯನ್ನು ಅಳೆಯಲೂ ಆ ಷರತ್ತು ಒಳ್ಳೆಯ ಗಜಕೋಲು.

ಭಾರತದ ಕಾನೂನು ಬೇರೆ ದಾರಿಯಿಂದ ಇಲ್ಲಿಗೇ ಬಂದು ನಿಲ್ಲುತ್ತದೆ. 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ, ಬೇಗ ಅಥವಾ ಸುಲಭವಾಗಿ ದುಡ್ಡು ಮಾಡಲು, ಸದಸ್ಯರ ಸೇರ್ಪಡೆಯನ್ನು ಅವಲಂಬಿಸಿ ಹಣ ಕೊಡುವ ಯೋಜನೆಗಳನ್ನು, ಹೆಸರು ಏನೇ ಇರಲಿ, ನಿಷೇಧಿಸುತ್ತದೆ. ನೋಂದಾಯಿತ ಚೀಟಿ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಚೀಟಿಗೆ 1982ರ ಪ್ರತ್ಯೇಕ ಕಾಯ್ದೆ ಇದೆ. ಹಾಗೆಯೇ, ಸದಸ್ಯರನ್ನು ಸೇರಿಸುವ ಷರತ್ತಿಲ್ಲದೆ ಬರೀ ಅತಿ ಬಡ್ಡಿಯ ಆಸೆ ತೋರಿಸಿ ಠೇವಣಿ ಎತ್ತುವುದು ಈ ಕಾಯ್ದೆಯೊಳಗೆ ಬರುವುದಿಲ್ಲವೆಂದು ಕೋಲ್ಕತ್ತದ ಸಂಚಯಿತ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥದ್ದು ಪೊಂಜಿ. 2019ರಲ್ಲಿ ಬೆಂಗಳೂರಿನಲ್ಲಿ ಕುಸಿದ ಐಎಂಎ ಹೂಡಿಕೆ ಕಂಪನಿ ಆ ಜಾತಿಗೆ ಸೇರಿದ್ದು. ಅವುಗಳಿಗೆ ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ, ದೇಶಕ್ಕೆಲ್ಲ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಇವೆ. ನೆಂಟರ ಯೋಜನೆಯಲ್ಲಿ 'ಯಾರನ್ನೂ ಸೇರಿಸಬೇಕಿಲ್ಲ, ದುಡ್ಡು ಹಾಕಿ ಸುಮ್ಮನಿದ್ದರೂ ತಿಂಗಳು ತಿಂಗಳು ಬರುತ್ತದೆ' ಎಂದಿದ್ದರೆ ಅದು ಸಮಾಧಾನದ ಮಾತಲ್ಲ, ಬೇರೆ ಕಾಯ್ದೆಯ ಮಾತು.

ಸರಕು ಇದ್ದರೂ 1978ರ ಕಾಯ್ದೆ ತಟ್ಟಬಹುದೆಂದು ಆಂಧ್ರಪ್ರದೇಶ ಹೈಕೋರ್ಟ್ 2007ರಲ್ಲಿ ತೀರ್ಪಿತ್ತಿತು. ಅಲ್ಲಿಯೂ ಪ್ರಕರಣ ಆಮ್‌ವೇಯದೇ, ಅದರ ಭಾರತೀಯ ಶಾಖೆಯದು. ಡೌನ್‌ಲೈನ್ ಬೆಳೆಸಿ ಕಮಿಷನ್ ಪಡೆಯುವ ಅದರ ಯೋಜನೆ ಹಣ ಚಲಾವಣೆ ಯೋಜನೆಯ ವ್ಯಾಖ್ಯೆಗೆ ಒಳಪಡುತ್ತದೆ ಎಂಬುದು ನ್ಯಾಯಾಲಯದ ಅಭಿಪ್ರಾಯ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಅದೇ ಕಂಪನಿಯ 757 ಕೋಟಿ ರೂಪಾಯಿಗೂ ಮಿಕ್ಕ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಸರಕಿನ ಬೆಲೆ ಪೇಟೆಯ ಹೆಸರಾಂತ ಸರಕುಗಳಿಗಿಂತ ವಿಪರೀತ ಹೆಚ್ಚು, ಆ ಹೆಚ್ಚಳದಿಂದಲೇ ಮೇಲಿನವರ ಕಮಿಷನ್ ಹೋಗುತ್ತದೆ ಎಂಬುದು ಆರೋಪ. ಇದು 2011ರಿಂದ ನಡೆದುಬಂದ ತನಿಖೆ, ತಾನು ಸಹಕರಿಸುತ್ತಿದ್ದೇನೆ ಎಂದು ಕಂಪನಿ ಪ್ರತಿಕ್ರಿಯಿಸಿತು. ಅಮೆರಿಕದಲ್ಲಿ ಪಾರಾದ ಮಾದರಿ ಭಾರತದಲ್ಲಿ ಪ್ರಶ್ನೆಗೊಳಗಾದದ್ದನ್ನು ನೋಡಿದರೆ, 'ಇದು ಇಂಟರ್‌ನ್ಯಾಷನಲ್ ಕಂಪನಿ, ನೂರು ದೇಶದಲ್ಲಿ ಇದೆ' ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ತಿಳಿಯುತ್ತದೆ.

ಮನೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 2021ರ ಡಿಸೆಂಬರ್‌ನಲ್ಲಿ ಹೊರಬಿದ್ದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಂದ ಇವು ನೇರ ಮಾರಾಟವನ್ನು ಒಪ್ಪುತ್ತವೆ. ಪಿರಮಿಡ್ ಯೋಜನೆಯನ್ನೂ ನೇರ ಮಾರಾಟದ ವೇಷದಲ್ಲಿ ಬರುವ ಹಣ ಚಲಾವಣೆಯನ್ನೂ ನಿಷೇಧಿಸುತ್ತವೆ. ಈ ನಿಯಮಗಳಲ್ಲಿರುವ ಹಲವು ಸಂಗತಿಗಳನ್ನು ಯಾವ ವಕೀಲರ ನೆರವಿಲ್ಲದೆ ಪರೀಕ್ಷಿಸಬಹುದು. ಸೇರಲು ಪ್ರವೇಶ ಶುಲ್ಕ, ನೋಂದಣಿ ಶುಲ್ಕ ಪಡೆಯುವಂತಿಲ್ಲ. ಮಾರಾಟ ತೋರಿಸುವ ಸಲಕರಣೆಗೂ ಹಣ ಕೇಳುವಂತಿಲ್ಲ. ಸದಸ್ಯನ ಜೊತೆ ಲಿಖಿತ ಒಪ್ಪಂದ ಇರಬೇಕು, ಸಹಿ ಹಾಕಿದ ಮೇಲೂ ದಂಡವಿಲ್ಲದೆ ಹಿಂದೆ ಸರಿಯಲು ಒಂದು ಅವಧಿ ಇರಬೇಕು. ಕಂಪನಿಗೆ ಭಾರತದಲ್ಲಿ ಕಚೇರಿ, ದೂರು ಕೇಳುವ ಅಧಿಕಾರಿ ಇರಬೇಕು. ಇವೆಲ್ಲಕ್ಕಿಂತ ನೇರವಾದ ನಿಯಮ ಇನ್ನೊಂದು: ಬೇರೆ ಗಿರಾಕಿಗಳನ್ನು ಕರೆತಂದರೆ ನೀವು ಕೊಟ್ಟ ಬೆಲೆ ಕಡಿಮೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ ಎಂದು ಹೇಳಿ ಸರಕು ಕೊಳ್ಳಿಸುವಂತಿಲ್ಲ. 'ಇನ್ನಿಬ್ಬರನ್ನು ಸೇರಿಸಿದರೆ ನಿಮ್ಮ ದುಡ್ಡು ವಾಪಸ್ ಬಂದ ಹಾಗೆ, ಆಮೇಲೆ ಬರೋದೆಲ್ಲ ಲಾಭ' ಎಂಬ ವಾಕ್ಯ ಊರೂರಿನ ಪ್ಲಾನ್ ಮೀಟಿಂಗಿನಲ್ಲೂ ಕೇಳಿಬರುತ್ತದೆ. ಅದನ್ನು ಹೇಳಿದವರು ನಿಯಮ ಮುರಿಯುತ್ತಿದ್ದಾರೆ.

ಆದರೆ ಮೀಟಿಂಗಿನಲ್ಲಿ ಪುರಾವೆಯೆಂದು ತೋರಿಸುವ ಕಾಗದಗಳು ಬೇರೆ. ಕಂಪನಿ ವ್ಯವಹಾರಗಳ ಸಚಿವಾಲಯದ ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ, ಐಎಸ್‌ಒ ಮುದ್ರೆ, ಪೊಟ್ಟಣದ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆ. ನೋಂದಣಿ ಪತ್ರ ಆ ಹೆಸರಿನ ಕಂಪನಿ ಇದೆ ಎನ್ನುತ್ತದೆ, ಅದರ ಯೋಜನೆ ನ್ಯಾಯವಾದದ್ದು ಎನ್ನುವುದಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಆಹಾರಕ್ಕೆ ಸಂಬಂಧಿಸಿದ್ದು, ಕಮಿಷನ್‌ಗೆ ಅಲ್ಲ. 'ನಮಗೆ ಟಿಡಿಎಸ್ ಕತ್ತರಿಸಿಯೇ ಕೊಡುತ್ತಾರೆ' ಎಂಬ ಮಾತನ್ನು ನಂಬಿ ನಿಶ್ಚಿಂತರಾದವರು ಬಹಳ. ತೆರಿಗೆ ಇಲಾಖೆ ಆದಾಯದ ಮೇಲೆ ತೆರಿಗೆ ಕೇಳುತ್ತದೆ, ಆದಾಯದ ಮೂಲಕ್ಕೆ ಅದು ಕೊಡುವ ಒಪ್ಪಿಗೆ ಅದಲ್ಲ. ರಿಸರ್ವ್ ಬ್ಯಾಂಕ್ ಒಪ್ಪಿಗೆ ಇದೆ ಎಂದವರಂತೂ ಸುಳ್ಳನ್ನೇ ಹೇಳುತ್ತಿದ್ದಾರೆ. ಎಂಎಲ್ಎಂ, ಚೈನ್ ಮಾರ್ಕೆಟಿಂಗ್, ಪಿರಮಿಡ್ ರಚನೆಗಳಲ್ಲಿ ಹಣ ಸ್ವೀಕರಿಸುವುದು 1978ರ ಕಾಯ್ದೆಯಡಿ ಅಪರಾಧ ಎಂದು ರಿಸರ್ವ್ ಬ್ಯಾಂಕ್ 2015ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು.

ನಿಜವಾಗಿ ಓದಬೇಕಾದ ಕಾಗದ ಕಂಪನಿಯ ಕಾಂಪೆನ್ಸೇಷನ್ ಪ್ಲಾನ್. ಅದನ್ನು ಓದುವಾಗ ಮನಸ್ಸಿನಲ್ಲೇ ಒಂದು ಪ್ರಯೋಗ ಮಾಡಬಹುದು. ಇನ್ನು ಮುಂದೆ ಹೊಸಬರು ಯಾರೂ ಸೇರುವುದಿಲ್ಲ, ಇರುವ ಸದಸ್ಯರು ಹೊರಗಿನ ಜನರಿಗೆ ಸರಕು ಮಾರಿಕೊಂಡಿರುತ್ತಾರೆ ಎಂದುಕೊಂಡರೆ, ಸದಸ್ಯನಿಗೆ ತಿಂಗಳಿಗೆ ಎಷ್ಟು ಬರುತ್ತದೆ? ಚಿಲ್ಲರೆ ಲಾಭದ ಮಾತು ಅರ್ಧ ಪುಟದಲ್ಲಿ ಮುಗಿದು, ಪೇರ್ ಮ್ಯಾಚಿಂಗ್, ಲೆವೆಲ್ ಇನ್‌ಕಮ್, ರ‍್ಯಾಂಕ್ ಬೋನಸ್‌ಗಳಿಗೆ ಹತ್ತು ಪುಟ ಮೀಸಲಾಗಿದ್ದರೆ ಆ ಕಂಪನಿ ನಿಜವಾಗಿ ಮಾರುತ್ತಿರುವುದು ಸದಸ್ಯತ್ವವನ್ನು. ಎಡ ಬಲ ಎರಡೂ ಕಾಲು ಸಮ ತೂಗಿದರೆ ಮಾತ್ರ ಹಣ, ಇಲ್ಲವಾದರೆ ಪಾಯಿಂಟ್ ವ್ಯರ್ಥ ಎಂಬ ಷರತ್ತಿದ್ದರೆ ಇನ್ನೂ ಎಚ್ಚರ ಬೇಕು. ಆ ಸಮತೂಕ ಮಾಡಲೆಂದೇ ಜನ ಹೆಂಡತಿಯ ಹೆಸರಿನಲ್ಲಿ, ಅಮ್ಮನ ಹೆಸರಿನಲ್ಲಿ ಎರಡನೇ, ಮೂರನೇ ಐಡಿ ಮಾಡಿಸುತ್ತಾರೆ. ಬೆಲೆಯನ್ನೂ ನೋಡಬೇಕು. ಅದೇ ತೂಕದ, ಅದೇ ಅಂಶಗಳಿರುವ ವಸ್ತು ಊರಿನ ಮೆಡಿಕಲ್ ಸ್ಟೋರಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ? ಮೂರು ಪಟ್ಟು ವ್ಯತ್ಯಾಸವಿದ್ದರೆ ಹೊರಗಿನವರು ಕೊಳ್ಳಲು ಕಾರಣವೇ ಇಲ್ಲ. ಕೊಂಡವರು ನೆಂಟಸ್ತಿಕೆಗೆ ಕೊಂಡಿರುತ್ತಾರೆ, ಅದೂ ಒಂದು ಸಲ.

ಪ್ಲಾನ್ ಓದಿದ ಮೇಲೆ ನೆಂಟರ ಸ್ವಂತ ಲೆಕ್ಕ. ಈ ತಿಂಗಳು ಖಾತೆಗೆ ಎಷ್ಟು ಬಂತು ಎಂದು ಅವರು ಥಟ್ಟನೆ ಹೇಳುತ್ತಾರೆ. ಎಷ್ಟು ಹೋಯಿತು ಎಂಬುದನ್ನು ಬರೆದಿಟ್ಟವರು ವಿರಳ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಿಂಗಳ ಕಡ್ಡಾಯ ಖರೀದಿ 3,000 ರೂಪಾಯಿ, ಸೆಮಿನಾರ್ ಟಿಕೆಟ್ 500, ಪೆಟ್ರೋಲು, ಫೋನು, ಬಂದವರಿಗೆ ಕಾಫಿ ತಿಂಡಿ ಸೇರಿ 1,000. ಹೋದದ್ದು 4,500. ಕಮಿಷನ್ 1,800 ಬಂತು, ಹೊರಗಿನವರಿಗೆ 600 ರೂಪಾಯಿಯ ಸರಕು ಮಾರಿದ್ದಾಯಿತು. ಉಳಿದದ್ದನ್ನು ಮನೆಯಲ್ಲೇ ಬಳಸಿದರು, ಅದರ ಪೇಟೆ ಬೆಲೆ 800 ಎಂದಿಟ್ಟುಕೊಂಡರೂ ಬಂದದ್ದು 3,200. ತಿಂಗಳಿಗೆ 1,300, ವರ್ಷಕ್ಕೆ 15,600 ರೂಪಾಯಿ ನಷ್ಟ. ಸಂಜೆಗಳ ದುಡಿಮೆಗೆ ಕೂಲಿ ಹಿಡಿದಿಲ್ಲ. ಇಷ್ಟಾದರೂ ಆ ಮನೆಯಲ್ಲಿ 1,800 ರೂಪಾಯಿ 'ಸೈಡ್ ಇನ್‌ಕಮ್' ಬರುತ್ತಿದೆ ಎಂದೇ ಎಲ್ಲರೂ ನಂಬಿರುತ್ತಾರೆ.

ಕಂಪನಿಗಳು ತಾವೇ ಪ್ರಕಟಿಸುವ ಗಳಿಕೆ ಪಟ್ಟಿಗಳೂ ಇದನ್ನು ಮರೆಮಾಚುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸಿಬ್ಬಂದಿ 70 ಎಂಎಲ್ಎಂ ಕಂಪನಿಗಳ ಅಂಥ ಪಟ್ಟಿಗಳನ್ನು ಪರಿಶೀಲಿಸಿ 2024ರಲ್ಲಿ ವರದಿ ಕೊಟ್ಟರು. ಬಹುತೇಕ ಸದಸ್ಯರ ವರ್ಷದ ಗಳಿಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ, ತಿಂಗಳಿಗೆ 84 ಡಾಲರ್ ಒಳಗೆ. ಅದೂ ಖರ್ಚು ಕಳೆಯುವ ಮುಂಚಿನ ಮೊತ್ತ. ಏನೂ ಗಳಿಸದ ಸದಸ್ಯರನ್ನು ಹಲವು ಕಂಪನಿಗಳು ಲೆಕ್ಕದಿಂದಲೇ ಕೈಬಿಟ್ಟಿದ್ದವು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ಕಂಪನಿಗಳೆಲ್ಲ ಪಿರಮಿಡ್ ಎಂದು ಯಾರೂ ತೀರ್ಮಾನಿಸಿಲ್ಲ. ಕಾನೂನಿನ ಕಣ್ಣಿಗೆ ಸರಿಯಾಗಿರುವ ಎಂಎಲ್ಎಂ ಕೂಡ ಸೇರಿದವರಲ್ಲಿ ಹೆಚ್ಚಿನವರಿಗೆ ಏನನ್ನೂ ಉಳಿಸುವುದಿಲ್ಲ. ಹಾಗಾಗಿ 'ಪಿರಮಿಡ್ ಅಲ್ಲ' ಎಂದು ಖಚಿತವಾದ ಮೇಲೂ, ಕೆಲಸ ಬಿಟ್ಟು ಪೂರ್ಣಾವಧಿ ಇದಕ್ಕೇ ಇಳಿಯುತ್ತೇನೆನ್ನುವ ತಮ್ಮನನ್ನು ತಡೆಯಲು ಈ ಲೆಕ್ಕ ಸಾಕು.

ಈ ವ್ಯವಹಾರ ನೆಂಟಸ್ತಿಕೆಯ ದಾರಿಯಲ್ಲೇ ಹರಿಯುವುದಕ್ಕೆ ಕಾರಣವಿದೆ. ಸೇರಿದ ದಿನ ಅಪ್‌ಲೈನ್ ಕೊಡುವ ಮೊದಲ ಕೆಲಸ ಪಟ್ಟಿ ಬರೆಯುವುದು: ಗೊತ್ತಿರುವ ನೂರು ಜನರ ಹೆಸರು. ಆ ಪಟ್ಟಿ ಮದುವೆಗೆ ಕರೆಯುವವರ ಪಟ್ಟಿಯಿಂದ ಹೆಚ್ಚು ಬೇರೆಯಾಗಿರುವುದಿಲ್ಲ. ಅಪರಿಚಿತನೊಬ್ಬ ಬೆಲೆ ಕೇಳಿ ಎದ್ದುಹೋಗುತ್ತಾನೆ; ಸೋದರಮಾವ ಹಾಗೆ ಮಾಡಲಾರ. ಮದುವೆ ಮನೆಯಲ್ಲಿ ಮುಯ್ಯಿ ಓದಿಸುವಂತೆ, ಅವರು ನಮಗೆ ಆಗಿದ್ದರು ನಾವು ಅವರಿಗೆ ಆಗಬೇಕು ಎಂದುಕೊಂಡು ಕಿಟ್‌ಗೆ ದುಡ್ಡು ಕೊಡುತ್ತಾನೆ. ಕೊಟ್ಟ ಮೇಲೆ ಆ ದುಡ್ಡು ವಾಪಸ್ ಪಡೆಯಲು ತನ್ನ ಬೀಗರ ಬಾಗಿಲು ತಟ್ಟುತ್ತಾನೆ. ಪೇಟೆಯಲ್ಲಿ ಮಾರಾಟವಾಗದ ಸರಕು ದಾಕ್ಷಿಣ್ಯದ ಮೇಲೆ ಸಾಗುತ್ತದೆ. ಯೋಜನೆ ಬಿದ್ದಾಗ ಕಂಪನಿ ಬಾಗಿಲು ಹಾಕಿಕೊಂಡು ಹೋಗಿರುತ್ತದೆ, ಮುಖ ನೋಡಬೇಕಾದವರು ಈ ಜನವೇ. ಹಬ್ಬಕ್ಕೆ ಹೋಗಿ ಬರುವುದು ನಿಂತ ಮನೆಗಳ ನಷ್ಟ ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಆದ್ದರಿಂದ ಮಾತಾಡುವ ರೀತಿ ಮುಖ್ಯ. ಪ್ಲಾನ್ ತೋರಿಸುತ್ತಿರುವ ನೆಂಟ ಬಹುಮಟ್ಟಿಗೆ ಮೋಸಗಾರನಲ್ಲ, ತನಗಿಂತ ಮೊದಲು ನಂಬಿದವರನ್ನು ನಂಬಿದವನು. 'ನೀನು ಸಿಕ್ಕಿಹಾಕಿಕೊಂಡಿದ್ದೀಯ, ಇದು ಪಕ್ಕಾ ಮೋಸ' ಎಂದು ಎಲ್ಲರೆದುರು ಹೇಳುವುದರಿಂದ ಕೆಲಸ ಕೆಡುತ್ತದೆ. ಮನೆಯವರು ನೆಗೆಟಿವ್ ಮಾತಾಡುತ್ತಾರೆ, ಅಂಥವರಿಂದ ದೂರವಿರಿ ಎಂದು ತರಬೇತಿಯಲ್ಲಿ ಮೊದಲೇ ಹೇಳಿಕೊಟ್ಟಿರುತ್ತಾರೆ. ಬೈಗುಳ ಆ ಪಾಠವನ್ನು ನಿಜ ಮಾಡಿ ತೋರಿಸುತ್ತದೆ. ಪ್ರತ್ಯೇಕವಾಗಿ ಕೂತು, ಉತ್ತರ ಅವರ ಬಾಯಿಂದಲೇ ಬರುವಂಥ ಪ್ರಶ್ನೆ ಕೇಳುವುದು ಉತ್ತಮ. 'ಭಾವ, ಐಡಿ ಇಲ್ಲದವರು ಹೋದ ತಿಂಗಳು ನಿಮ್ಮ ಹತ್ತಿರ ಎಷ್ಟು ರೂಪಾಯಿ ಸಾಮಾನು ತಗೊಂಡರು?' 'ಈ ಡಬ್ಬಗಳನ್ನು ವಾಪಸ್ ಕೊಟ್ಟರೆ ಕಂಪನಿ ಎಷ್ಟು ಕೊಡುತ್ತದೆ, ಒಂದು ಸಲ ಕೇಳಿ ನೋಡಿದ್ದೀರಾ?' 'ನಿಮ್ಮ ಅಪ್‌ಲೈನ್ ಅವರ ಹೋದ ವರ್ಷದ ಆದಾಯ ತೆರಿಗೆ ರಿಟರ್ನ್ ತೋರಿಸುತ್ತಾರಾ?' ಇವುಗಳಿಗೆ ಉತ್ತರ ಆ ದಿನವೇ ಬರಬೇಕಿಲ್ಲ. ಮೂರು ತಿಂಗಳ ಖರ್ಚು ಬರೆದಿಡಲು ಅವರು ಒಪ್ಪಿದರೆ ಅದೇ ದೊಡ್ಡದು. ತಮ್ಮ ಕೈಬರಹದಲ್ಲಿರುವ ಲೆಕ್ಕದ ಜೊತೆ ಯಾರೂ ಬಹಳ ದಿನ ಜಗಳವಾಡಲಾರರು. ಅಷ್ಟರೊಳಗೆ ದಾಕ್ಷಿಣ್ಯಕ್ಕೆ ಕಿಟ್ ಮಾತ್ರ ಕೊಳ್ಳಬಾರದು. ಕೊಂಡರೆ ಅವರ ಡೌನ್‌ಲೈನ್ ಒಂದು ಹೆಜ್ಜೆ ಬೆಳೆಯುತ್ತದೆ, ಅವರ ನಂಬಿಕೆಯೂ ಬೆಳೆಯುತ್ತದೆ. ಕಷ್ಟವಿದೆ ಎಂದು ಗೊತ್ತಿದ್ದರೆ ನೇರವಾಗಿ ಕೈಗಡ ಕೊಡುವುದು ಎಷ್ಟೋ ಮೇಲು.

ಹೊರಬರಲು ಒಪ್ಪಿದವರು ಮೊದಲು ಮಾಡಬೇಕಾದದ್ದು ಹೊಸಬರನ್ನು ಸೇರಿಸುವುದನ್ನು ಆ ಕ್ಷಣವೇ ನಿಲ್ಲಿಸುವುದು. 1978ರ ಕಾಯ್ದೆ ಯೋಜನೆ ನಡೆಸುವವರನ್ನು ಮಾತ್ರವಲ್ಲ, ಸದಸ್ಯರನ್ನು ಸೇರಿಸುವವರನ್ನೂ ಭಾಗವಹಿಸುವವರನ್ನೂ ಅಪರಾಧಿಗಳೆನ್ನುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಂಶಯ ಬಂದ ಮೇಲೂ ಹಾಕಿದ ದುಡ್ಡು ವಾಪಸ್ ಬರಲಿ ಎಂದು ಇನ್ನಿಬ್ಬರನ್ನು ಸೇರಿಸುವುದು ನಷ್ಟವನ್ನು ಬೇರೆಯವರ ಮನೆಗೆ ದಾಟಿಸುವುದಷ್ಟೇ ಅಲ್ಲ, ತನ್ನ ಮೇಲೆ ವಂಚನೆಯ ದೂರು ತಂದುಕೊಳ್ಳುವ ದಾರಿ ಕೂಡ. ಆ ನಂತರ ಒಪ್ಪಂದ, ರಸೀದಿ, ಯುಪಿಐ ಮತ್ತು ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳು, ಪ್ಲಾನ್ ವೀಡಿಯೊ ಎಲ್ಲವನ್ನೂ ಎತ್ತಿಟ್ಟುಕೊಳ್ಳಬೇಕು. ಗುಂಪಿನಿಂದ ತೆಗೆದುಹಾಕಿದ ಮೇಲೆ ಸಂದೇಶಗಳು ಕೈಗೆ ಸಿಗದೆ ಹೋಗಬಹುದು. ಒಪ್ಪಂದದಲ್ಲಿರುವ ಅವಧಿ ಮುಗಿದಿರದಿದ್ದರೆ ಸದಸ್ಯತ್ವ ರದ್ದತಿಯನ್ನೂ ಸರಕು ವಾಪಸಾತಿಯನ್ನೂ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಮೂಲಕ ಲಿಖಿತವಾಗಿ ಕೇಳಬೇಕು. ಅಪ್‌ಲೈನ್ ಬಾಯಿಮಾತಿನಲ್ಲಿ ಕೊಡುವ 'ನೋಡೋಣ' ಎಂಬ ಭರವಸೆಯಲ್ಲೇ ಆ ಅವಧಿ ಕಳೆದುಹೋಗುತ್ತದೆ.

ಕಂಪನಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರ ಮುಂದೆ ಜಿಲ್ಲಾ ಗ್ರಾಹಕ ಆಯೋಗ. ಆ್ಯಪ್, ಕ್ರಿಪ್ಟೊ ಮೂಲಕ ಇತ್ತೀಚೆಗೆ ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಕರ್ನಾಟಕದ ಜಿಲ್ಲೆಗಳಲ್ಲಿರುವ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ದೂರು ತೆಗೆದುಕೊಳ್ಳುತ್ತವೆ. ಠೇವಣಿ ರೂಪದಲ್ಲಿ ಹಣ ಎತ್ತಿದ್ದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಒಂದೇ ಸರಪಳಿಯಲ್ಲಿ ದುಡ್ಡು ಕಳೆದುಕೊಂಡವರು ಜೊತೆಯಾಗಿ ದೂರು ಕೊಟ್ಟರೆ ಹಣ ಯಾರಿಂದ ಯಾರಿಗೆ ಹೋಯಿತೆಂಬ ಜಾಡು ತನಿಖಾಧಿಕಾರಿಗೆ ಒಂದೇ ಕಡೆ ಸಿಗುತ್ತದೆ. ತಾನೇ ಸೇರಿಸಿದ ನೆಂಟರಿಗೆ ವಿಷಯ ಮುಚ್ಚಿಡದೆ ಹೇಳಿ, ಅವರನ್ನೂ ಜೊತೆಗೆ ಕರೆದುಕೊಂಡು ಠಾಣೆಗೆ ಹೋದ ಸದಸ್ಯ ಆ ನೆಂಟರ ಮುಂದೆ ಆರೋಪಿಯಾಗಿ ನಿಲ್ಲುವ ಸಂಭವ ಕಡಿಮೆ.